ಒಂದೇ ಸೀರೆಯ ಹಾಸು

ದಿನಾ ಸಾಯುವವರಿಗೆ ಅಳುವವರು ಯಾರು ಎಂಬ ಗಾದೆಯನ್ನು ಮೊದಲು ಹೇಳಿದವರ ಮನೆಯಲ್ಲಿ ನನ್ನ ಅಣ್ಣನಂಥವನೊಬ್ಬ ಇದ್ದಿರಲೇಬೇಕು. ನನ್ನ ಅಣ್ಣ ಅಂಜಯ್ಯ ಇಪ್ಪತ್ತು ವರ್ಷ ದಿನಾ ಸತ್ತ. ಬೆಳಿಗ್ಗೆ ಎದ್ದು ಸತ್ತ, ಉಂಡು ಸತ್ತ, ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಎರಡು ಬೆರಳಗಲ ನೇಯ್ದು ಮತ್ತೊಮ್ಮೆ ಸತ್ತ. ಅಳಬೇಕಾದವಳು ಒಬ್ಬಳೇ, ಅವನ ಹೆಂಡತಿ ಸುಗುಣಮ್ಮ. ಅವಳಿಗೆ ಅಳಲು ಪುರುಸೊತ್ತು ಇರಲಿಲ್ಲ.

ಹೆಸರು ಇಟ್ಟವರು ನಮ್ಮಪ್ಪ. ಆಂಜನೇಯನ ಹೆಸರು, ಕಡಲು ಹಾರಿದ ದೇವರದು. ಆದರೆ ನಾರಾಯಣಪೇಟೆಯ ನಮ್ಮ ನೇಕಾರರ ಓಣಿಯಲ್ಲಿ ಎಲ್ಲರಿಗೂ ತೆಲುಗೂ ಬರುತ್ತದೆ, ಕನ್ನಡವೂ ಬರುತ್ತದೆ. ಅಂಜಯ್ಯ ಎಂದರೆ ಕನ್ನಡದಲ್ಲಿ ಏನಾಗುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನು ನಿಜವಾಗಿ ಸತ್ತದ್ದು ಎಪ್ಪತ್ತೆಂಟನೆಯ ವಯಸ್ಸಿಗೆ, ಒಂದು ಮಧ್ಯಾಹ್ನ ಜೋಳದ ರೊಟ್ಟಿ ತಿಂದು ಮಲಗಿದವನು ಏಳಲಿಲ್ಲ. ಅಷ್ಟರಲ್ಲಿ ನಿಜಾಮರ ರಾಜ್ಯವೇ ತೀರಿಹೋಗಿತ್ತು. ನಾನು ಹೇಳುತ್ತಿರುವುದು ಅದಕ್ಕಿಂತ ಬಹಳ ಹಿಂದಿನ ಮಾತು.

ರೋಗ ಸುಳ್ಳಲ್ಲ. ಅಷ್ಟು ಹೇಳದಿದ್ದರೆ ನನಗೆ ಪಾಪ ತಗಲುತ್ತದೆ. ಅವನಿಗೆ ದಮ್ಮು ಇತ್ತು, ಮೂವತ್ತರ ಆಸುಪಾಸಿನಲ್ಲಿ ಹಿಡಿದ ಉಬ್ಬಸ. ವರ್ಷಕ್ಕೆ ನಾಲ್ಕೈದು ಸಲ, ಮೋಡ ಮುಸುಕಿದ ದಿನಗಳಲ್ಲಿ ಬರುತ್ತಿತ್ತು. ಬಂದರೆ ದಿಂಬು ಅವಚಿಕೊಂಡು ಮುಂದಕ್ಕೆ ಬಾಗಿ ಕೂರುತ್ತಿದ್ದ. ತುಟಿ ನೀಲಿಗಟ್ಟುತ್ತಿತ್ತು, ಎದೆಯೊಳಗೆ ಬೆಕ್ಕಿನ ಮರಿಗಳು ಕೂಗಿದ ಸದ್ದು. ಆ ಎರಡು ಮೂರು ದಿನ ಅವನನ್ನು ನೋಡಿ ನಕ್ಕವನು ಮನುಷ್ಯನಲ್ಲ. ನಾನು ನಕ್ಕದ್ದು ಉಳಿದ ದಿನಗಳಿಗೆ. ವರ್ಷದಲ್ಲಿ ಹದಿನೈದು ದಿನ ರೋಗ, ಮುನ್ನೂರೈವತ್ತು ದಿನ ರೋಗದ ಕಾವಲು.

ಕಾವಲು ಅಂದರೆ ಎಂಥ ಕಾವಲು. ಎದ್ದ ಕೂಡಲೇ ಎಡಗೈ ಮಣಿಕಟ್ಟಿನ ಮೇಲೆ ಬಲಗೈಯ ಮೂರು ಬೆರಳಿಟ್ಟು ನಾಡಿ ನೋಡಿಕೊಳ್ಳುತ್ತಿದ್ದ. ನಾಡಿ ಜೋರಿದ್ದರೆ ಜ್ವರ, ಮೆಲ್ಲಗಿದ್ದರೆ ಸಾವು, ಸರಿಯಾಗಿದ್ದರೆ ಬೆರಳು ಸರಿಯಾದ ಜಾಗದಲ್ಲಿ ಇಲ್ಲ. ಆಮೇಲೆ ಹಿತ್ತಾಳೆ ತಟ್ಟೆಯಲ್ಲಿ ನಾಲಿಗೆಯ ದರ್ಶನ. ಬೂದಿಯ ಮೇಲೆ ಕಫ ಉಗುಳಿ, ಕಡ್ಡಿಯಿಂದ ಕೆದಕಿ, ಬಣ್ಣದ ಪರೀಕ್ಷೆ. ಮೊಸರು ಶೀತ, ಬಾಳೆಹಣ್ಣು ಕಫ, ಬದನೆಕಾಯಿ ನಂಜು, ಶೇಂಗಾ ಪಿತ್ತ. ವೈಶಾಖದ ಬಿಸಿಲಲ್ಲಿ, ಓಣಿಯ ನಾಯಿಗಳು ಮೋರಿಯಲ್ಲಿ ಬಿದ್ದುಕೊಂಡಿರುವಾಗ, ಇವನ ಕೊರಳಿಗೆ ಉಣ್ಣೆಯ ಪಟ್ಟಿ.

ಯಾರಾದರೂ ಸತ್ತರೆ ಮಣ್ಣಿಗೆ ಹೋಗುತ್ತಿರಲಿಲ್ಲ. ಹೋಗಿ ಬಂದವರನ್ನು ಕೂರಿಸಿಕೊಂಡು, ಏನಾಗಿತ್ತು, ನೋವು ಮೊದಲು ಎಲ್ಲಿ ಎದ್ದಿತ್ತು, ಎಷ್ಟು ದಿನ ಮಲಗಿದ್ದರು ಎಂದು ವಿಚಾರಿಸುತ್ತಿದ್ದ. ಮರುದಿನ ಇವನಿಗೂ ಅಲ್ಲೇ ನೋವು. ಎದುರು ಮನೆಯ ಪೆದ್ದಯ್ಯನ ಹೆಂಡತಿ ಬಾಣಂತಿ ಸನ್ನಿಯಲ್ಲಿ ತೀರಿಕೊಂಡಾಗ ಮಾತ್ರ ಎರಡು ದಿನ ಅವನಿಗೆ ಏನು ಮಾಡಬೇಕೆಂದು ತೋಚಲಿಲ್ಲ.

ಮನೆಗೆ ಬಂದವರಿಗೆಲ್ಲ ಒಂದೇ ಪ್ರಶ್ನೆ. "ನನ್ನ ಮುಖ ಹೆಂಗ ಐತಿ?" ಚೆನ್ನಾಗಿದೆ ಎಂದರೆ ಅವರು ಮುಚ್ಚಿಡುತ್ತಿದ್ದಾರೆ. ತುಸು ಇಳಿದಿದೆ ಎಂದರೆ ಕೂಡಲೇ ಒಳಗೆ ಕೂಗು, "ಕೇಳಿದೇನು, ಇವರೇನಂದ್ರು ಕೇಳಿದೇನು?" ಸುಗುಣಮ್ಮ ಇದ್ದ ಕೆಲಸ ಬಿಟ್ಟು ಮೆಣಸು ಹಾಕಿದ ಬಿಸಿನೀರು ತರಬೇಕು.

ಇದೆಲ್ಲ ನನಗೆ ಹೇಗೆ ಗೊತ್ತು ಎಂದರೆ, ನಾನು ಶಂಕರಯ್ಯ, ಅವನಿಗಿಂತ ನಾಲ್ಕು ವರ್ಷ ಚಿಕ್ಕವನು. ಒಂದೇ ಕೋಣೆಯಲ್ಲಿ ನಮ್ಮಿಬ್ಬರ ಕುಣಿಮಗ್ಗ. ಅವನ ಲಾಳಿ ನಿಂತಿತು ಎಂದರೆ ನಾನು ತಲೆ ಎತ್ತಿ ನೋಡಬೇಕಾಗಿರಲಿಲ್ಲ, ಬೆರಳು ಮಣಿಕಟ್ಟಿಗೆ ಹೋಗಿದೆ ಎಂದೇ ಅರ್ಥ. ನಾನು ಐದು ಸೀರೆ ಇಳಿಸುವ ಹೊತ್ತಿಗೆ ಅವನದು ನಾಲ್ಕು.

ಇವನ ಅಂಜಿಕೆ ಗಟ್ಟಿ ಬೇರು ಬಿಟ್ಟದ್ದು ಮಕ್ತಲದಲ್ಲಿ. ನಿಜಾಮರ ಲೆಕ್ಕದ ಫಸಲಿ ೧೩೨೫ರಲ್ಲಿ, ಇಂಗ್ಲಿಷ್ ಲೆಕ್ಕಕ್ಕೆ ೧೯೧೬ರ ಸುಮಾರು, ದಮ್ಮು ಹಿಡಿದ ಎರಡನೆಯ ವರ್ಷ, ನಾನೇ ಗಾಡಿ ಕಟ್ಟಿಕೊಂಡು ಅವನನ್ನು ಅಲ್ಲಿನ ಹಕೀಮರ ಹತ್ತಿರ ಕರೆದೊಯ್ದೆ. ಹಕೀಮರು ಅವನ ಬೆನ್ನಿಗೆ ಕಿವಿ ಇಟ್ಟು ಕೇಳಿದರು, ಜೇನಿನಲ್ಲಿ ಕಲಸಿದ ಕಪ್ಪು ಲೇಹ್ಯ ಒಂದು ಡಬ್ಬಿ ಕೊಟ್ಟರು. ಅಣ್ಣ ಕೇಳಿದ, "ಇದು ಯಾವಾಗ ಹೋಗತೈತ್ರಿ?" ಹಕೀಮರು ನಕ್ಕು, "ದಮಾ ದಮ್ ಕೆ ಸಾತ್ ಜಾತಾ, ಮಿಯಾ," ಎಂದರು.

ನಮ್ಮ ಉರ್ದು ಸಂತೆಯ ಉರ್ದು. ದಮಾ ಎಂದರೆ ದಮ್ಮು, ದಮ್ ಎಂದರೆ ಉಸಿರು, ಸಾತ್ ಎಂದರೆ ಜೊತೆ. ದಮ್ಮು ಉಸಿರಿನ ಜೊತೆ ಹೋಗುತ್ತದೆ. ಗಾಡಿ ಹತ್ತುವಷ್ಟರಲ್ಲಿ ಅಣ್ಣ ಅದನ್ನು ತನಗೆ ಬೇಕಾದ ಹಾಗೆ ತಿರುವಿಕೊಂಡಿದ್ದ. "ದಮ್ಮು ಹೋಗೋ ಮುಂದ ಉಸುರನ್ನೂ ಜೋಡಿ ಒಯ್ಯತೈತಿ ಅಂದ್ರು. ಹೌದಲ್ಲೇನು, ತಮ್ಮಾ?" ಎಂದ. ನನಗೂ ಹಾಗೇ ಕೇಳಿಸಿತ್ತು. ಹೌದು ಎಂದು ತಲೆಯಾಡಿಸಿದೆ. ಆ ತಲೆಯಾಟವನ್ನು ಆಮೇಲೆ ಎಷ್ಟು ಸಲ ಶಪಿಸಿಕೊಂಡೆನೋ.

ಅಂದಿನಿಂದ ಅವನು ಮಗ್ಗಕ್ಕೆ ಉದ್ದ ಹಾಸು ಏರಿಸುವುದನ್ನು ಬಿಟ್ಟ.

ನೇಯ್ಗೆ ತಿಳಿಯದವರಿಗೆ ಇದನ್ನು ಬಿಡಿಸಿ ಹೇಳಬೇಕು. ಉದ್ದಕ್ಕೆ ಹಾಯುವ ಎಳೆಗಳೆಲ್ಲ ಸೇರಿ ಹಾಸು. ನಾರಾಯಣಪೇಟೆಯಲ್ಲಿ ಎಂಟು ಸೀರೆಗೆ ಆಗುವಷ್ಟು ಹಾಸನ್ನು ಒಟ್ಟಿಗೆ ಏರಿಸುತ್ತೇವೆ. ಹೊಸ ಹಾಸು ಏರಿಸುವಾಗ ಅದರ ಒಂದೊಂದು ಎಳೆಯನ್ನೂ ಹಳೆಯ ಹಾಸಿನ ತುದಿಯ ಒಂದೊಂದು ಎಳೆಗೆ ಸೇರಿಸಬೇಕು. ಹೆಬ್ಬೆರಳು ತೋರುಬೆರಳಿಗೆ ಬೂದಿ ಹಚ್ಚಿಕೊಂಡು, ಎರಡು ತುದಿಯನ್ನು ಹೊಸೆದು ಒಂದು ಮಾಡಬೇಕು. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಎರಡು ಸಾವಿರಕ್ಕೂ ಮಿಕ್ಕಿ ಎಳೆ, ಅಷ್ಟೇ ಸಲ ಹೊಸೆತ. ಪೂರಾ ಒಂದೂವರೆ ದಿನದ ಕೆಲಸ, ಹೆಚ್ಚಾಗಿ ಹೆಂಗಸರದು. ಎಂಟು ಸೀರೆಯ ಹಾಸಾದರೆ ಒಮ್ಮೆ ಕೆಚ್ಚಿದರೆ ಎರಡು ತಿಂಗಳು ಆ ಕಡೆ ನೋಡಬೇಕಾಗಿಲ್ಲ.

ಅಣ್ಣ, ನೂಲು ಕೊಟ್ಟು ಕೂಲಿಗೆ ನೇಯಿಸುವ ಸಾವಕಾರನ ಮನೆಯಿಂದ ಬಂದ ಹಾಸನ್ನು ಎಂಟು ತುಂಡು ಮಾಡಿಸಿದ. ಒಂದು ಸಲಕ್ಕೆ ಒಂದೇ ಸೀರೆ. ಯಾಕೆಂದರೆ ನಮ್ಮಜ್ಜಿ ಯಾವ ಕಾಲದಲ್ಲೋ ಒಂದು ಮಾತು ಹೇಳಿದ್ದಳಂತೆ, ನೇಕಾರ ಸತ್ತಾಗ ಮಗ್ಗದ ಮೇಲೆ ಎಷ್ಟು ದಿನದ ಹಾಸು ಉಳಿದಿರುತ್ತದೋ ಅಷ್ಟು ದಿನ ಅವನ ಜೀವ ಕುಣಿ ಬಿಟ್ಟು ಏಳುವುದಿಲ್ಲ ಎಂದು. ಓಣಿಯಲ್ಲಿ ಬೇರೆ ಯಾರ ಬಾಯಲ್ಲೂ ನಾನು ಇದನ್ನು ಕೇಳಿಲ್ಲ. "ಒಂದು ಸೀರಿ ಉಳದ್ರ ಎಂಟು ದಿನ ಕುಂತೇನು. ಎಂಟು ಉಳದ್ರ ಎರಡು ತಿಂಗಳು ಕುಂದ್ರಬೇಕಲ್ಲ, ಸತ್ತ ಮ್ಯಾಲೂ," ಎನ್ನುತ್ತಿದ್ದ. ಬದುಕಿದ್ದಾಗ ಕೂತು ಮಾಡಿದ ಘನಕಾರ್ಯ ಏನೆಂದು ನಾನು ಕೇಳಿದರೆ ಎದೆ ಹಿಡಿದುಕೊಳ್ಳುತ್ತಿದ್ದ.

ಅವನ ಸಾವಿನ ಭಯಕ್ಕೆ ಸುಗುಣಮ್ಮ ಎಂಟು ಪಟ್ಟು ಕೆಚ್ಚಿದಳು. ನನ್ನ ಹೆಂಡತಿ ಬುಗ್ಗಮ್ಮ ನಮ್ಮ ಮಗ್ಗಕ್ಕೆ ಎರಡು ತಿಂಗಳಿಗೊಮ್ಮೆ ಕೆಚ್ಚಿದರೆ, ಅತ್ತಿಗೆ ಎಂಟೊಂಬತ್ತು ದಿನಕ್ಕೊಮ್ಮೆ. ಬೂದಿಯ ಕರಟ ಪಕ್ಕದಲ್ಲಿಟ್ಟುಕೊಂಡು ತಲೆ ಬಗ್ಗಿಸಿ ಕೂತಳೆಂದರೆ ನೀರು ಕುಡಿಯಲೂ ಏಳುತ್ತಿರಲಿಲ್ಲ. ಅವಳ ತವರು ಕೋಸಗಿ, ಗಾಡಿಯಲ್ಲಿ ಎರಡು ದಿನದ ದಾರಿಯೂ ಅಲ್ಲ. ಇಪ್ಪತ್ತು ವರ್ಷದಲ್ಲಿ ಅಲ್ಲಿ ಹತ್ತು ದಿನ ಒಟ್ಟಿಗೆ ಇದ್ದವಳಲ್ಲ. ಹಾಸು ಮುಗಿದಿರುತ್ತಿತ್ತು, ಗಂಡ ಕರೆ ಕಳಿಸುತ್ತಿದ್ದ.

ಅವರಿಗೆ ಒಬ್ಬಳೇ ಮಗಳು, ತಿರುಪತಮ್ಮ. ಹೊಳೆಯಾಚೆಯ ಗದ್ವಾಲದ ನೇಕಾರರ ಮನೆಗೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಅವಳಿಗೆ ನೋವು ಎದ್ದ ದಿನವೇ ಅಣ್ಣನಿಗೂ ಕೊನೆಯ ಗಳಿಗೆ ಬಂತು. ದಮ್ಮಲ್ಲ, ಬರೀ ಎದೆ ಡವಗುಟ್ಟಿದ್ದು. ಮಗಳು ಒಳಗೆ ಕೂಗಿದರೆ ಇವನು ಹೊರಗೆ ಕೂಗಿದ. ಸುಗುಣಮ್ಮ ಆ ಕೋಣೆಗೂ ಈ ಕೋಣೆಗೂ ಓಡಾಡಿದಳು. ಇಲ್ಲಿ ಬಿಸಿನೀರು, ಅಲ್ಲಿ ಬಿಸಿನೀರು. ಕೂಸು ಹುಟ್ಟಿ ಐದು ದಿನ ಇತ್ತು, ಆರನೆಯ ದಿನ ಇಲ್ಲ. ಇವನಿಂದಲೇ ಹೋಯಿತು ಎಂದು ನಾನು ಆಣೆ ಮಾಡಿ ಹೇಳಲಾರೆ. ಆದರೆ ಆ ಮನೆಯಲ್ಲಿ ಆ ದಿನ ಒಬ್ಬರ ನೋವು ನಿಜದ್ದಾಗಿತ್ತು, ಅದಕ್ಕೆ ಅರ್ಧ ತಾಯಿ ಮಾತ್ರ ಸಿಕ್ಕಳು. ಅದನ್ನು ನಾನು ಕ್ಷಮಿಸಿಲ್ಲ.

ಮೂರು ವರ್ಷದ ಮೇಲೆ, ಫಸಲಿ ೧೩೪೫ರ ಮುಂಗಾರಿನ ಮಿರಗದ ಮಳೆ ಕಾಲಿಡುವ ಹೊತ್ತಿಗೆ, ಧನ್ವಾಡದ ಕುರುಬ ಮಾರೆಪ್ಪ ಗದ್ವಾಲದಿಂದ ಸುದ್ದಿ ತಂದ. ಅವನು ಕಂಬಳಿ ಮಾರುತ್ತ ಹೊಳೆಯ ಆಚೆ ಈಚೆ ಓಡಾಡುವವನು. ತಿರುಪತಮ್ಮನಿಗೆ ಎಂಟನೆಯ ತಿಂಗಳು, ಕಾಲು ಬಾತಿವೆ, ಅವ್ವ ಬರಲಿ ಎಂದು ಅಳುತ್ತಿದ್ದಾಳೆ.

"ಇಲ್ಲೇ ಕಳಸಬಹುದಿತ್ತಲ್ಲ," ಎಂದ ಅಣ್ಣ.

ಮಾರೆಪ್ಪ ಹೆಗಲ ಕಂಬಳಿ ಸರಿ ಮಾಡಿಕೊಂಡ. "ನಾ ಬರೇ ಮಾತು ಹೊತ್ಕೊಂಡು ಬಂದಾಂವ್ರಿ, ಸಿಟ್ಟಾಗಬ್ಯಾಡ್ರಿ. ಆಕಿ ಅತ್ತಿ ಏನಂದ್ಳು ಅಂದ್ರ, ನಿಮ್ಮ ಮನ್ಯಾಗ ಒಬ್ಬ ರೋಗಿಗೇ ಜಾಗ ಐತಂತ. ಬರೋದಿದ್ರ ಅವ್ವ ಈ ಕಡೆ ಬರಲಿ ಅಂದಾಳ. ಹೊಳಿ ಏರೋದ್ರಾಗ ಬರಬೇಕು. ಆಮ್ಯಾಲ ಹರಗೋಲು ಹಾಕಂಗಿಲ್ಲ."

ನಾನು ಬಾಗಿ ಲಾಳಿ ಹುಡುಕುವ ನೆಪದಲ್ಲಿ ನಕ್ಕೆ. ಗದ್ವಾಲದ ಆ ಹೆಂಗಸಿನ ಮೇಲೆ ನನಗೆ ಭಾರಿ ಗೌರವ ಬಂತು.

ಸುಗುಣಮ್ಮ ಆ ದಿನ ಬೂದಿಯ ಕರಟ ಬದಿಗಿಟ್ಟು ಗಂಡನ ಮುಂದೆ ಬಂದು ನಿಂತಳು. "ಈ ಸಲ ಎಂಟು ಸೀರಿ ಹಾಸು ಏರಸ್ರಿ. ಎರಡು ದಿನ ಕುಂತು ಕೆಚ್ಚಿ ಕೊಟ್ಟು ಹೋಗ್ತೀನಿ. ನಾ ಬರೋತನಕ ನಿಮಗ ನನ್ನ ಕೈ ಬೇಕಾಗಂಗಿಲ್ಲ."

"ನೀ ಬರೋತನಕ ನಾ ಇರ್ತೀನೋ ಇಲ್ಲೋ."

"ದಮ್ಮು ಬಂದು ಎರಡು ತಿಂಗಳ ಮ್ಯಾಲಾತಲ್ರಿ. ಮೋಡ ಆದ್ರೂ ಬಂದಿಲ್ಲ. ಆರಾಮ ಅದೀರಿ."

ಇದು ನಿಜವಾಗಿತ್ತು. ಆ ವರ್ಷ ಏನು ಕಾರಣವೋ, ಮೊದಲ ಮಳೆ ಬಿದ್ದರೂ ಅವನ ಎದೆ ಸದ್ದು ಮಾಡಿರಲಿಲ್ಲ. ಬೇರೆ ಯಾರಾಗಿದ್ದರೂ ದೇವರಿಗೆ ಕಾಯಿ ಒಡೆಸುತ್ತಿದ್ದರು. ಇವನು ವಾರದಿಂದ ಒಳಗೊಳಗೆ ಬೆವರುತ್ತಿದ್ದ. ಈಗ ಬಾಯಿಬಿಟ್ಟ. "ಅದನ್ನ ಹೇಳಾಕತ್ತೀನಿ. ದಮ್ಮು ಹೋಗೇತಿ. ಹಕೀಮರು ಏನಂದಿದ್ರು? ಎರಡೂ ಜೋಡಿ ಹೋಗ್ತಾವ ಅಂದಿದ್ರು. ಒಂದು ಹೋತು. ಇನ್ನೊಂದು ಹೊಂಟು ನಿಂತೈತಿ. ಇಂಥಾದ್ರಾಗ ಎಂಟು ಸೀರಿ ಹಾಸು ಏರಸಂತಿ. ಬಿಟ್ಟು ಹೋಗ್ತೀನಂತಿ."

ಅಂಜಿದವನ ಮೇಲೆ ಕಪ್ಪೆ ಎಸೆಯಬಾರದು ಎನ್ನುತ್ತಾರೆ. ಇವನು ಕಪ್ಪೆ ಇಲ್ಲದಿದ್ದರೆ ತಾನೇ ಹುಡುಕಿ ತಂದು ಮೈಮೇಲೆ ಹಾಕಿಕೊಳ್ಳುವ ಜಾತಿ. ದಮ್ಮು ಬಂದರೂ ಸಾಯುತ್ತಾನೆ, ಬರದಿದ್ದರೂ ಸಾಯುತ್ತಾನೆ. ನಾನು ಕುಣಿಯಿಂದ ಎದ್ದು ಹೊರಗೆ ಹೋದೆ, ಕೂತಿದ್ದರೆ ಲಾಳಿ ಬೀಸಿ ಒಗೆಯುತ್ತಿದ್ದೆ.

ಸುಗುಣಮ್ಮ ನಾಲ್ಕು ದಿನ ಕಾದಳು. ಪ್ರತಿದಿನ ಬೆಳಿಗ್ಗೆ ಬಾಗಿಲಿಗೆ ಬಂದು ಪಡುವಣ ಮೋಡ ನೋಡುತ್ತಿದ್ದಳು. ಅಲ್ಲಿ ಮಳೆಯಾದರೆ ಹೊಳೆ ಇಲ್ಲಿ ಏರುತ್ತದೆ. ಐದನೆಯ ದಿನ ಅವಳ ಕೈಯಲ್ಲಿ ಗಂಟು ಇತ್ತು. ಅಜವಾನ, ಒಣಶುಂಠಿ, ಹಳೆಯ ಮೆತ್ತನೆ ಸೀರೆಯ ತುಂಡುಗಳು. ಗಾಡಿ ಹೂಡು ಎಂದು ನನಗೆ ಹೇಳಿ, ಗಂಡನ ಹಾಸಿಗೆಯ ಹತ್ತಿರ ನಿಂತಳು.

"ಹೋಗಿ ಬರ್ತೀನ್ರಿ. ಒಂದು ಸೀರಿ ಹಾಸು ಮಗ್ಗದ ಮ್ಯಾಲೈತಿ. ಏಳು ತುಂಡು ಗೂಟಕ್ಕ ತೂಗು ಹಾಕೀನಿ."

"ನಾ ಸತ್ರ?"

"ಸತ್ರ ಹೇಳಿ ಕಳಸ್ರಿ. ಹೊಳಿ ಇಳದ ಮ್ಯಾಲ ಬರ್ತೀನಿ."

ದನಿ ಏರಿರಲಿಲ್ಲ. ಸಂತೆಗೆ ಹೋಗುವವಳು ಏನು ತರಲಿ ಎಂದು ಕೇಳಿದಷ್ಟೇ ಸಲೀಸಾಗಿ ಅಂದಳು. ಗಾಡಿ ಓಣಿಯ ತಿರುವು ದಾಟುವಾಗ ಒಳಗಿನಿಂದ ಅಣ್ಣನ ಕೂಗು ಕೇಳಿಸಿತು, "ಮೆಣಸು ಎಲ್ಲಿಟ್ಟೀ?"

ಮಕ್ತಲ ದಾಟಿ ಹೊಳೆದಂಡೆಗೆ ಹೋದಾಗ ಹೊಸ ನೀರು ಬಂದಿತ್ತು, ಕೆಂಪಗೆ, ಕಸಕಡ್ಡಿ ಹೊತ್ತು. ಅತ್ತಿಗೆಯನ್ನು ಗದ್ವಾಲ ಮುಟ್ಟಿಸಲು ಒಪ್ಪಿದ್ದ ಮಾರೆಪ್ಪ ದಂಡೆಯಲ್ಲಿ ಕಾದಿದ್ದ. ಹರಿಗೋಲಿನವನು ಇದೇ ಕೊನೆ, ನಾಳೆ ಹಾಕುವುದಿಲ್ಲ ಎಂದ. ಸುಗುಣಮ್ಮ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಗಂಡನಿಗೆ ಏನು ಕೊಡಬೇಕು, ಏನು ಕೊಡಬಾರದು ಎಂದು ನನಗೆ ಹೇಳುತ್ತಾಳೇನೋ ಎಂದು ನಿಂತಿದ್ದೆ. ಹರಿಗೋಲು ತಿರುಗುತ್ತ ತಿರುಗುತ್ತ ಹೋಯಿತು, ಅವಳ ಮುಖ ಒಮ್ಮೆ ಈ ಕಡೆ ಬಂತು. ಅವಳು ಆಚೆ ದಡವನ್ನು ಹುಡುಕುತ್ತಿದ್ದಳು.

ಮರಳುವಾಗ ಮಕ್ತಲದಲ್ಲಿ ಹಕೀಮರ ಮನೆ ಹೊಕ್ಕೆ. ಎಪ್ಪತ್ತು ದಾಟಿದ್ದರು. ದಿಂಬಿಗೆ ಒರಗಿ ಕೂತಿದ್ದರು. ಅವರು ಮಾತಾಡುವ ಮೊದಲೇ ಆ ಸದ್ದು ನನ್ನ ಕಿವಿಗೆ ಬಿತ್ತು, ನಮ್ಮ ಮನೆಯ ಅದೇ ಬೆಕ್ಕಿನ ಮರಿಗಳು. ಇಪ್ಪತ್ತು ವರ್ಷದ ಹಿಂದೆ ನೀವು ಹೀಗೆ ಅಂದಿದ್ದಿರಿ, ಅದರ ಅರ್ಥ ಏನು ಎಂದು ಕೇಳಿದೆ. ಅವರು ನಕ್ಕು, ಕೆಮ್ಮಿ, ಮತ್ತೆ ನಕ್ಕರು.

"ಅರೆ, ಅದು ಎಲ್ಲಾರಿಗೂ ಹೇಳೋ ಮಾತು. ಉಸುರು ಇರೋತನಕ ದಮಾ ಇರತೈತಿ, ಕಾಯಮ್ಮಾಗಿ ಹೋಗಂಗಿಲ್ಲ, ಅದರ ಕೂಡ ಬಾಳ್ವಿ ಮಾಡು ಅಂತ. ಜೋಡಿದಾರ ಅಂದೆ, ಕಟುಕ ಅಂದಿಲ್ಲ. ನಂದೂ ನಲವತ್ತು ವರ್ಷದ್ದು ನೋಡು. ಒಂದೊಂದು ವರ್ಷ ರಜಾ ತಗೋತೈತಿ, ಮತ್ತ ಬರತೈತಿ."

ಗಾಡಿಯಲ್ಲಿ ಕೂತು ಲೆಕ್ಕ ಹಾಕಿದೆ, ಇಪ್ಪತ್ತು ವರ್ಷದಲ್ಲಿ ಅತ್ತಿಗೆ ಎಷ್ಟು ಸಲ ಕೆಚ್ಚಿರಬೇಕು ಎಂದು. ಅರ್ಧದಲ್ಲೇ ಬಿಟ್ಟೆ. ಮೂರ್ಖ ಒಬ್ಬನೇ ಆಗಿದ್ದರೆ ಇಷ್ಟಾಗುತ್ತಿರಲಿಲ್ಲ. ಅಂದು ಅವನ ಪಕ್ಕದಲ್ಲಿ ತಲೆಯಾಡಿಸಿದ ಎರಡನೆಯವನೂ ಬೇಕಾಗಿತ್ತು. ಅವನು ಇಪ್ಪತ್ತು ವರ್ಷ ಪಕ್ಕದ ಕುಣಿಯಲ್ಲಿ ಕೂತು ಅಣ್ಣನನ್ನು ನೋಡಿ ನಕ್ಕ, ಮಕ್ತಲಕ್ಕೆ ಹೋಗಿ ಒಂದು ಮಾತು ಕೇಳಿ ಬರಲಿಲ್ಲ.

ಮನೆಗೆ ಬಂದು ಹಕೀಮರ ಮಾತು ಹೇಳಿದೆ. "ಹಂಗಾರ ದಮ್ಮು ಹೋಗಿಲ್ಲಂತಿ. ಹೋಗಿಲ್ಲಂದ್ರ ಎಲ್ಲೈತಿ?" ಎಂದು ಅಣ್ಣ ಪಕ್ಕೆಲುಬು ಒತ್ತಿ ಒತ್ತಿ ಹುಡುಕಿದ.

ಮಗ್ಗದ ಮೇಲಿದ್ದ ಸೀರೆ ಹತ್ತು ದಿನಕ್ಕೆ ಮುಗಿಯಿತು. ಇನ್ನು ಕೆಚ್ಚಬೇಕು. ಅವನು ಬಾಗಿಲ ಕಡೆ ನೋಡಿದ. ಬುಗ್ಗಮ್ಮ ಒಳಗಿನಿಂದಲೇ ನನಗೆ ಹೇಳಿದಳು, "ನಿಮ್ಮಣ್ಣಗ ಹೇಳ್ರಿ, ನಮ್ಮ ಮಗ್ಗದ್ದಷ್ಟೇ ನನ್ನ ಕೆಲಸ." ಅವಳು ಹಾಗೆಲ್ಲ ಮಾತಾಡುವವಳಲ್ಲ. ನಾನು ಅದನ್ನು ಅಣ್ಣನಿಗೆ ಒಂದಕ್ಷರ ಬಿಡದೆ ತಲುಪಿಸಿದೆ.

ಕರಟ ಮುಂದಿಟ್ಟುಕೊಂಡು ಕೂತ. ನಾಲ್ಕು ಎಳೆ ಹೊಸೆದ. ನಾಡಿ ನೋಡುವ ಹೊತ್ತಾಯಿತು. ಬೆರಳಿಗೆಲ್ಲ ಬೂದಿ. ಎದ್ದು ಕೈ ತೊಳೆದು ನಾಡಿ ನೋಡಿ ಬಂದ. ಒದ್ದೆ ಕೈಗೆ ರೇಷ್ಮೆ ಅಂಟಿಕೊಂಡಿತು. ಒರೆಸಿಕೊಂಡು ಮತ್ತೆ ಬೂದಿ, ಮತ್ತೆ ಆರು ಎಳೆ, ಮತ್ತೆ ಎದ್ದ. ಮಧ್ಯಾಹ್ನದವರೆಗೆ ಹೀಗೇ ಕುಣಿದ. ಆಮೇಲೆ ಏಳುವುದು ಬೇಸರವಾಯಿತೋ ಏನೋ, ಕೂತೇ ಇದ್ದ. ಎಳೆ ತಪ್ಪಿದರೆ ಸಾಲೆಲ್ಲ ತಪ್ಪುತ್ತದೆ, ಕಣ್ಣು ಅತ್ತಿತ್ತ ಆಡುವಂತಿಲ್ಲ. ಸಂಜೆ ದೀಪ ಹಚ್ಚುವಾಗ ತಟ್ಟನೆ ತಲೆ ಎತ್ತಿ, "ತಮ್ಮಾ, ನಾ ಮುಂಜಾನಿಂದ ನಾಡಿ ನೋಡಿಲ್ಲ," ಎಂದ. ಕಳ್ಳತನ ಮಾಡಿ ಸಿಕ್ಕಿಬಿದ್ದವನ ಮುಖ. ಬೂದಿ ಕೈಯಲ್ಲೇ ಮಣಿಕಟ್ಟು ಹಿಡಿದ. ನಾಡಿ ಅಲ್ಲೇ ಇತ್ತು, ಅವನಿಲ್ಲದೆಯೂ ಇಡೀ ದಿನ ತನ್ನ ಕೆಲಸ ಮಾಡಿಕೊಂಡಿತ್ತು.

ಒಂದು ಹಾಸು ಕೆಚ್ಚಲು ನಾಲ್ಕು ದಿನ ತೆಗೆದುಕೊಂಡ. ಮುಗಿಸಿದ ಮೇಲೆ ಅವನ ಉಪದೇಶ ಶುರುವಾಯಿತು. ಕ್ಷೌರದವನಿಗೆ, ಪೆದ್ದಯ್ಯನಿಗೆ, ದಾರಿಯಲ್ಲಿ ಹೋಗುವವರಿಗೆ, "ಕೈಯಾಗ ಎಳಿ ಇದ್ರ ಎದಿ ಸುಮ್ಮನಿರತೈತಿ. ನಾ ಕಂಡು ಹಿಡದ ಔಷಧ ಇದು." ಇಪ್ಪತ್ತು ವರ್ಷ ಆ ಔಷಧವನ್ನು ಅವನ ಎದುರಿಗೇ ಅರೆಯುತ್ತಿದ್ದವಳ ಹೆಸರು ಒಮ್ಮೆಯೂ ಬಾಯಿಗೆ ಬರಲಿಲ್ಲ. ಮಾತು ಮಾತ್ರ ನಿಜ. ಅದೇ ನನಗೆ ಸಿಟ್ಟು.

ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ದಮ್ಮು ಮರಳಿ ಬಂತು. ಮಗಳ ಮದುವೆಯ ದಿಬ್ಬಣ ಬಂದಾಗಲೂ ಅವನು ಅಷ್ಟು ಖುಷಿಪಟ್ಟಿರಲಿಲ್ಲ. "ಬಂತು, ಎಲ್ಲೂ ಹೋಗಿರಲಿಲ್ಲ," ಎಂದು ಏದುಸಿರಿನ ನಡುವೆ ಹೇಳಿದ. ಆದರೆ ಕಷ್ಟ ಕಷ್ಟವೇ, ಎರಡು ದಿನ ತುಟಿ ನೀಲಿಯಾಗಿತ್ತು. ನಾನೇ ನೀರು ಕಾಯಿಸಿದೆ. ಈ ಸಲ ಅವನು ಸತ್ತೆ ಸತ್ತೆ ಎಂದು ಕೂಗಲಿಲ್ಲ. ದಿಂಬಿನ ಮೇಲೆ ಮೊಣಕೈ ಊರಿ, ಹಾಸಿನ ಕಟ್ಟು ಮುಂದೆ ಎಳೆದುಕೊಂಡು, ಉಸಿರು ಸಿಕ್ಕಾಗ ಒಂದು ಎಳೆ, ಸಿಗದಿದ್ದಾಗ ಸುಮ್ಮನೆ, ಹೀಗೆ ಆ ಎರಡು ದಿನ ಕಳೆದ. ಹಕೀಮರು ಹೇಳಿದ ಬಾಳುವೆ ಇದೇ ಇರಬೇಕು ಎಂದುಕೊಂಡೆ. ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಅದನ್ನೂ ತಾನೇ ಕಂಡುಹಿಡಿದೆ ಎನ್ನುತ್ತಿದ್ದ.

ಮೂರನೆಯ ಸಲ ಕೆಚ್ಚುವಾಗ, ಕೆಲಸದ ನಡುವೆ ನನ್ನನ್ನು ಕರೆದ. "ತಮ್ಮಾ, ಗೂಟದ ಮ್ಯಾಲಿನ ತುಂಡು ಸಾವಕಾರಗ ವಾಪಸ್ ಕೊಡು. ಎಂಟು ಸೀರಿ ಹಾಸು ತಾ."

"ಸತ್ರ?" ಎಂದೆ ನಾನು.

"ಸತ್ರ ಸತ್ತೆ. ಬೆರಳು ಉರೀತಾವು."

ಇಪ್ಪತ್ತು ವರ್ಷ ನಮ್ಮನ್ನೆಲ್ಲ ಕುಣಿಸಿದ ಸಾವು ಒಂದು ಹೆಬ್ಬೆರಳಿನ ಉರಿಗೆ ಸೋತು ಹೋಯಿತು. ಉರಿ ತನ್ನ ಬೆರಳಿಗೇ ಬರಬೇಕಾಗಿತ್ತು, ಅಷ್ಟೆ. ಹಾಸು ತಂದು ಕೊಟ್ಟೆ. ಗೊಣಗುತ್ತ ಕೊನೆಯ ಸಲ ಕೆಚ್ಚಿದ, ಏರಿಸಿದ, ನೇಯಲು ಕೂತ.

ಹೊಳೆ ಮಾತ್ರ ಇಳಿಯಲಿಲ್ಲ. ಆಷಾಢದಿಂದ ಆಚೆಯ ಸುದ್ದಿ ಒಂದೂ ಇಲ್ಲ. ಹೆರಿಗೆ ಆಗಿರಲೇಬೇಕು. ಏನಾಯಿತು, ಕೂಸು ಇದೆಯೋ, ತಾಯಿ ಇದ್ದಾಳೋ. ಬುಗ್ಗಮ್ಮ ದಿನಾ ದೀಪದ ಮುಂದೆ ಕೈಮುಗಿಯುತ್ತಿದ್ದಳು. ಅಣ್ಣನೂ ದಿನಾ, "ಹೊಳಿ ಇಳದೇತೇನು?" ಎಂದು ಕೇಳುತ್ತಿದ್ದ. ಮಗಳಿಗಾಗಿ ಕೇಳುತ್ತಿದ್ದಾನೆ ಎಂದು ಒಂದೆರಡು ದಿನ ನಂಬಿದೆ.

ಮಹಾನವಮಿ ಕಳೆದು ನಾಲ್ಕನೆಯ ದಿನ ಓಣಿಯಲ್ಲಿ ಗಾಡಿಯ ಸದ್ದಾಯಿತು. ಸುಗುಣಮ್ಮ ಇಳಿದಳು, ಅದೇ ಗಂಟು. ಬಿಸಿಲಿಗೆ ಕಪ್ಪಾಗಿದ್ದಳು, ಆದರೂ ಮುಖ ತುಂಬಿಕೊಂಡಿತ್ತು. ಬುಗ್ಗಮ್ಮ ಓಡಿಹೋಗಿ ಕೈ ಹಿಡಿದಳು.

"ಹೆಣ್ಣು," ಎಂದಳು ಸುಗುಣಮ್ಮ. "ನೂರು ದಿನ ಆತು. ಗಟ್ಟಿಮುಟ್ಟಿ ಐತಿ. ತಿರುಪತೀನೂ ಆರಾಮ ಅದಾಳ. ನಾ ಹೋದ ಒಂಬತ್ತನೇ ದಿನಕ್ಕ ನೋವು ಎದ್ವು, ದಿನ ತುಂಬಿರಲಿಲ್ಲ. ಎರಡು ರಾತ್ರಿ ಆಕಿ ಕೈ ಬಿಟ್ಟಿಲ್ಲ ನಾನು."

ನನ್ನ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಅಣ್ಣ ಕುಣಿಯಿಂದ ಎದ್ದು ಬಂದ. ಮೊಮ್ಮಗಳ ಮಾತು ಕಿವಿಗೆ ಬಿತ್ತೋ ಇಲ್ಲವೋ, ತನ್ನ ಬಲಗೈ ಹೆಬ್ಬೆರಳನ್ನು ಅವಳ ಮುಖದ ಮುಂದೆ ಹಿಡಿದ.

"ಇಲ್ನೋಡು. ತೊಗಲು ಸತ್ತೈತಿ. ಗೆರಿ ಅಳಿಸಿ ಹೋಗ್ಯಾವ, ಒಂದೆರಡು ಉಳದಾವ. ಮಕ್ತಲಕ್ಕ ಕರಕೊಂಡು ಹೋಗಂದ್ರ ಇಂವ ಒಲ್ಲೆ ಅಂತಾನ."

ಸುಗುಣಮ್ಮ ಗಂಟು ಕೆಳಗಿಟ್ಟಳು. ತನ್ನ ಹೆಬ್ಬೆರಳನ್ನು ಅವನ ಬೆರಳಿನ ಪಕ್ಕಕ್ಕೆ ಹಿಡಿದಳು. ಅವನದರ ಅಂಚಿನಲ್ಲಿ ಇನ್ನೂ ಗೆರೆ ಇದ್ದವು. ಅವಳದರಲ್ಲಿ ಒಂದೂ ಇರಲಿಲ್ಲ, ಹೊಳೆಯ ಕಲ್ಲಿನ ಹಾಗೆ ನುಣ್ಣಗೆ. ಒಂದೇ ಕೋಣೆಯಲ್ಲಿ ಇಪ್ಪತ್ತು ವರ್ಷ ಕೂತ ನಾನೂ ಅದನ್ನು ಆಗಲೇ ಮೊದಲು ನೋಡಿದ್ದು.

ಅಣ್ಣ ಎರಡು ಬೆರಳನ್ನೂ ಬಗ್ಗಿ ನೋಡಿದ. "ನಿನಗೂ ಬಂದೈತೇನು ಈ ರೋಗ?" ಎಂದ.

"ಬಂದೈತ್ರಿ," ಎಂದಳು ಅವಳು. "ಇಪ್ಪತ್ತು ವರ್ಷ ಆತು."

ಅವನು ಬೆರಳು ಹಿಂದಕ್ಕೆ ತೆಗೆದುಕೊಂಡ. ಸುಗುಣಮ್ಮ ಅವನನ್ನು ದಾಟಿ ಮಗ್ಗದ ಹತ್ತಿರ ಹೋದಳು, ಏರಿಸಿದ ಹಾಸನ್ನು ಕೈಯಿಂದ ಮುಟ್ಟಿ ಎಷ್ಟು ಉಳಿದಿದೆ ಎಂದು ಅಂದಾಜು ಮಾಡಿದಳು. "ಇನ್ನ ಮೂರು ಸೀರಿ ಐತಿ. ಅಲ್ಲೀತನಕ ನಾ ಸುಮ್ನ ಕುಂದ್ರತೀನಿ," ಎಂದು ಹೊಸ್ತಿಲ ಮೇಲೆ ಕಾಲು ಚಾಚಿ ಕೂತಳು.